ಕಬಡ್ಡಿ ಅಂಕಣದ ಪ್ರೇಮ ಕಾದಂಬರಿ ಬರೆಯುವುದು ಹೇಗೆ

ಆಟದ ಹಿನ್ನೆಲೆಯಲ್ಲಿ ಪ್ರೇಮಕಥೆ ಬರೀತೀನಿ ಅಂತ ಹೊರಟವರಲ್ಲಿ ಜಾಸ್ತಿ ಜನ ಮೊದಲು ಹೀರೋನ ಮೈಕಟ್ಟು ಬರೆಯುತ್ತಾರೆ. ಆಮೇಲೆ ಹುಡುಗಿಗೆ ಒಂದು ಹಳೇ ನೋವು ಕೊಡುತ್ತಾರೆ. ಆಟ ಕೊನೆಗೆ ಬರುತ್ತದೆ, ಅದೂ ಕ್ರಿಕೆಟ್. ಹತ್ತನೇ ಅಧ್ಯಾಯದ ಹೊತ್ತಿಗೆ ಮೈದಾನ ತೆಗೆದು ಅಲ್ಲೊಂದು ಐಟಿ ಆಫೀಸು ಇಟ್ಟರೂ ಕಥೆಗೆ ಏನೂ ಆಗುವುದಿಲ್ಲ. ಹಾಗಾದರೆ ಆಟ ಯಾಕೆ ಬೇಕಿತ್ತು?

ಒಂದು ಸಲ ಮೋಸ ಹೋದವರು ಮತ್ತೆ ನಂಬುವುದನ್ನು ಕಲಿಯುವ ಕಥೆ ನಿಮ್ಮದಾದರೆ ಉಲ್ಟಾ ಕಡೆಯಿಂದ ಶುರು ಮಾಡಿ. ಯಾವ ಆಟದಲ್ಲಿ ಇನ್ನೊಬ್ಬರನ್ನು ನಂಬದೆ ಆಡೋಕೇ ಆಗುವುದಿಲ್ಲ ಅಂತ ನೋಡಿ. 4x100 ರಿಲೇಯಲ್ಲಿ ಬ್ಯಾಟನ್ ತಗೊಳ್ಳುವವರು ಹಿಂದೆ ತಿರುಗಿ ನೋಡುವುದಿಲ್ಲ, ಓಡುತ್ತಲೇ ಕೈ ಹಿಂದೆ ಚಾಚುತ್ತಾರೆ, 30 ಮೀಟರ್ ಒಳಗೆ ಬ್ಯಾಟನ್ ಕೈ ಸೇರಬೇಕು. ಖೋ-ಖೋದಲ್ಲಿ ಸಾಲಾಗಿ ಕೂತ ಎಂಟು ಜನರಲ್ಲಿ ಒಬ್ಬರು ಈ ಕಡೆ ಮುಖ ಮಾಡಿದರೆ ಪಕ್ಕದವರು ಆ ಕಡೆ, ಖೋ ಬರುವುದು ಬೆನ್ನ ಹಿಂದಿನಿಂದ. ಬ್ಯಾಡ್ಮಿಂಟನ್ ಡಬಲ್ಸ್ ಇದೆ. ಕರಾವಳಿಯವರಾದರೆ ಕಂಬಳ ಇದೆ. ಇವುಗಳಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ, ಆದರೆ ನಾನು ಕಬಡ್ಡಿ ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಹೇಳುತ್ತಾ ಒಂದು ಕಾದಂಬರಿಯ ಹಂದರವನ್ನೂ ಕಟ್ಟುತ್ತಾ ಹೋಗೋಣ.

ಕಬಡ್ಡಿಯಲ್ಲಿ ನಿಮಗೆ ಬೇಕಾದ ನಿಯಮ ಒಂದಿದೆ

ಔಟಾದವರು ಮತ್ತೆ ಅಂಕಣಕ್ಕೆ ಬರುವ ನಿಯಮ. ಕ್ರಿಕೆಟ್‌ನಲ್ಲಿ ಔಟಾದರೆ ಮುಗಿಯಿತು, ಪೆವಿಲಿಯನ್‌ನಲ್ಲಿ ಕೂತು ಚಪ್ಪಾಳೆ ಹೊಡೆಯಬೇಕು. ಕಬಡ್ಡಿಯಲ್ಲಿ ಹಾಗಲ್ಲ. ಔಟಾಗಿ ಹೊರಗೆ ಕೂತವಳು ಮತ್ತೆ ಒಳಗೆ ಬರಬಹುದು. ಆದರೆ ತನ್ನ ಕೈಯಿಂದ ಬರೋಕಾಗುವುದಿಲ್ಲ. ಅವಳ ತಂಡದವರು ಯಾರಾದರೂ ಎದುರಾಳಿಯನ್ನು ಔಟ್ ಮಾಡಬೇಕು, ಆಗ ಮೊದಲು ಔಟಾದವರು ಮೊದಲು ಎದ್ದು ಬರುತ್ತಾರೆ. ಎದುರಾಳಿ ಭಾಗದ ಬೋನಸ್ ಗೆರೆ ದಾಟಿದ್ದಕ್ಕೆ ಬೋನಸ್ ಪಾಯಿಂಟ್ ಬಂದರೆ ಸ್ಕೋರ್ ಏರುತ್ತದೆ, ಹೊರಗೆ ಕೂತವರು ಮಾತ್ರ ಕೂತೇ ಇರುತ್ತಾರೆ.

ಇದನ್ನು ಎರಡು ಸಲ ಓದಿ. ಹೊರಗೆ ಕೂತವಳಿಗೆ ತಾನು ಯಾವಾಗ ವಾಪಸ್ ಹೋಗುತ್ತೇನೆ ಅಂತ ಗೊತ್ತಿಲ್ಲ. ಅದು ಪೂರ್ತಿ ಇನ್ನೊಬ್ಬರ ಕೈಯಲ್ಲಿದೆ. ಯಾರನ್ನೂ ನಂಬುವುದಿಲ್ಲ ಅಂತ ಹಟ ಹಿಡಿದ ಹುಡುಗಿಯನ್ನು ಆ ಜಾಗದಲ್ಲಿ ಕೂರಿಸಿ. ಅರ್ಧ ಕಾದಂಬರಿ ಅಲ್ಲೇ ಇದೆ.

ಉಳಿದ ನಿಯಮಗಳು ಬೇಗ ಹೇಳಿಬಿಡುತ್ತೇನೆ. ಒಂದು ಕಡೆ ಏಳು ಜನ. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದ್ದು 13 ಮತ್ತು 10. ಮಹಿಳೆಯರ ಪಂದ್ಯ ಹದಿನೈದು ಹದಿನೈದು ನಿಮಿಷದ ಎರಡು ಅವಧಿ, ಗಂಡಸರದ್ದು ಇಪ್ಪತ್ತು ಇಪ್ಪತ್ತು. ಒಬ್ಬರು ಕಬಡ್ಡಿ ಕಬಡ್ಡಿ ಅನ್ನುತ್ತಾ ಎದುರಾಳಿಯ ಕಡೆಗೆ ನುಗ್ಗಿ ಮುಟ್ಟಿ ಬರುವುದು ರೈಡ್, ನುಗ್ಗುವವರು ರೈಡರ್. ಒಂದು ರೈಡ್‌ಗೆ 30 ಸೆಕೆಂಡ್. ಎದುರಿಗೆ ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೈಡರ್‌ನ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಜಾಸ್ತಿ. ಎಲ್ಲರೂ ಔಟಾದರೆ ಲೋನಾ. ಸೀನಿಯರ್ ಮಹಿಳೆಯರಿಗೆ ತೂಕದ ಮಿತಿ 75 ಕೆಜಿ. ಈ ತೂಕದ ವಿಷಯ ನೆನಪಿಟ್ಟುಕೊಳ್ಳಿ, ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತ ಆಟಗಾರ್ತಿಗೆ ತಕ್ಕಡಿ ಅಂದರೆ ಎಷ್ಟು ಭಯ ಅಂತ ಬರೆಯೋಕೆ ಬೇಕಾಗುತ್ತದೆ.

ಇನ್ನೊಂದು, ಚೈನ್. ಅಂಕಣದ ತುದಿಯಲ್ಲಿ, ಅಂದರೆ ಕಾರ್ನರ್‌ನಲ್ಲಿ ನಿಂತವಳೂ ಅವಳ ಪಕ್ಕದಲ್ಲಿ 'ಇನ್' ಅನ್ನುವ ಜಾಗದಲ್ಲಿ ನಿಂತವಳೂ ಕೈ ಹಿಡಿದುಕೊಂಡೇ ಹಿಂದೆ ಮುಂದೆ ಸರಿಯುತ್ತಾರೆ. ಒಬ್ಬಳು ಮುನ್ನುಗ್ಗಿ ಇನ್ನೊಬ್ಬಳು ಅರ್ಧ ಕ್ಷಣ ತಡ ಮಾಡಿದರೂ ರೈಡರ್ ನಡುವೆ ನುಸುಳುತ್ತಾಳೆ. ಎಷ್ಟೋ ಬರಹಗಾರರು ಇದನ್ನು ನೋಡಿದ ಕೂಡಲೇ ಹೀರೋ ಹೀರೋಯಿನ್ ಕೈ ಹಿಡಿಸೋಣ ಅಂತ ಆಸೆ ಪಡುತ್ತಾರೆ. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡುವುದಿಲ್ಲವಲ್ಲ ಸ್ವಾಮಿ. ಆ ಕೈ ಗೆಳತಿಯದ್ದಾಗಿರಲಿ. ಪ್ರೇಮ ಕಾದಂಬರಿ ಅಂದ ಮಾತ್ರಕ್ಕೆ ನಂಬಿಕೆಯೆಲ್ಲ ಒಬ್ಬ ಗಂಡಸಿನಿಂದಲೇ ವಾಪಸ್ ಬರಬೇಕು ಅಂತೇನಿಲ್ಲ. ಹಾಗೆ ಬಂದರೆ ನನಗಂತೂ ಅನುಮಾನ.

ಗಾಯ ಯಾವುದು, ಯಾರು ಮಾಡಿದ್ದು

ನಮ್ಮ ಕಾದಂಬರಿಯ ಹುಡುಗಿ ಭವ್ಯ ಅಂತಿಟ್ಟುಕೊಳ್ಳಿ. ಹೊಳೆನರಸೀಪುರದ ಕಡೆಯ ಹಳ್ಳಿ. ಲೆಫ್ಟ್ ಕಾರ್ನರ್ ಆಡುತ್ತಾಳೆ. ಮಂಡಿ ಸ್ವಲ್ಪ ಸಡಿಲ, ತಿರುಗುವಾಗ ಒಮ್ಮೊಮ್ಮೆ ಕೈ ಕೊಡುತ್ತದೆ. ಇದನ್ನು ಒಬ್ಬನಿಗೆ ಮಾತ್ರ ಹೇಳಿದ್ದಾಳೆ, ಆಗ ಪ್ರೀತಿಸುತ್ತಿದ್ದ ಹುಡುಗನಿಗೆ. ಅವನೂ ಆಟಗಾರ. ರಾಜ್ಯ ತಂಡದ ಸೆಲೆಕ್ಷನ್‌ಗೆ ಮುಂಚೆ ಅವನು ಹೋಗಿ ಸೆಲೆಕ್ಟರ್ ಕಿವಿಗೆ ಹಾಕುತ್ತಾನೆ. ಇವಳ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ಕೇಳಿದರೆ "ನಿನ್ ಒಳ್ಳೇದಕ್ಕೇ ಹೇಳ್ದೆ" ಅನ್ನುತ್ತಾನೆ. ಆ ಸಿಟ್ಟಿನಲ್ಲಿ ಭವ್ಯ ಯಾವುದೋ ಊರಿನ ಹೊನಲು ಬೆಳಕಿನ ಪಂದ್ಯಕ್ಕೆ ಹೋಗಿ, ಮಂಡಿಗೆ ಪಟ್ಟಿಯನ್ನೂ ಸುತ್ತದೆ ಆಡಿ, ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ರಜ್ಜು ಹರಿದುಕೊಳ್ಳುತ್ತಾಳೆ.

ಇಲ್ಲಿ ಎರಡು ವಿಷಯ ಗಮನಿಸಿ. ಮೋಸ ಮಾಡಿದವನು ರಾಕ್ಷಸ ಅಲ್ಲ. ಅವನು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು, ಮಂಡಿ ನಿಜವಾಗಿಯೂ ಹೋಯಿತು. ಹಾಗಾಗಿ ಭವ್ಯಳಿಗೆ ಅವನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ ಸಿಟ್ಟು. ಬೇರೆ ಹುಡುಗಿಯ ಜೊತೆ ಸಿಕ್ಕಿಬಿದ್ದ ಅನ್ನುವ ಮಾಮೂಲಿ ಮೋಸ ಬರೆದರೆ ಇದು ಸಿಗುವುದಿಲ್ಲ. ಇನ್ನೊಂದು, ಮನಸ್ಸಿನ ಗಾಯ, ಮೈಯ ಗಾಯ ಎರಡೂ ಒಂದೇ ಘಟನೆಯಿಂದ ಬಂದಿವೆ. ಹೊಸಬರು ಅಪ್ಪನ ಸಾವು, ಹಳೇ ಪ್ರೇಮಿ, ಆಕ್ಸಿಡೆಂಟು, ಸಾಲ ಎಲ್ಲವನ್ನೂ ಒಬ್ಬಳ ತಲೆಗೇ ಕಟ್ಟುತ್ತಾರೆ. ಒಂದೇ ಸಾಕು. ಅದನ್ನೇ ಸರಿಯಾಗಿ ತಿಳಿದುಕೊಂಡು ಬರೆಯಿರಿ.

ಸರಿಯಾಗಿ ಅಂದರೆ ಹೇಗೆ? ಎಸಿಎಲ್ ಹರಿಯುವಾಗ ಎಷ್ಟೋ ಜನಕ್ಕೆ ಒಳಗೆ 'ಟಪ್' ಅಂದ ಹಾಗೆ ಕೇಳಿಸುತ್ತದೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಯಾರೂ ಮುಟ್ಟದೇ ಇದ್ದಾಗಲೂ, ಓಡುತ್ತಾ ಗಕ್ಕನೆ ನಿಂತು ತಿರುಗಿದಾಗಲೂ ಹರಿಯುತ್ತದೆ. ಒಂದೇ ಥರದ ಆಟದಲ್ಲಿ ಗಂಡಸರಿಗಿಂತ ಹೆಂಗಸರಿಗೆ ಇದು ಜಾಸ್ತಿ. ಎಂಆರ್‌ಐ ಆಗಬೇಕು, ಆಪರೇಷನ್‌ನಲ್ಲಿ ತೊಡೆಯ ಹಿಂದಿನ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಅಲ್ಲಿಗೆ ಹಾಕುತ್ತಾರೆ. ಆಮೇಲಿನದ್ದು ಬಹಳ ಬೋರು ಹೊಡೆಸುವ ಕೆಲಸ. ಮೊದಲ ದಿನಗಳಲ್ಲಿ ಮಲಗಿಕೊಂಡು ತೊಡೆ ಬಿಗಿ ಮಾಡುವುದು, ಕಾಲು ನೆಟ್ಟಗೆ ಎತ್ತುವುದು, ಹಿಮ್ಮಡಿ ಜಾರಿಸಿ ಮಂಡಿ ಮಡಿಸುವುದು. ತೊಡೆ ಸಣಕಲಾಗಿ ಹೋಗಿರುತ್ತದೆ, ಎರಡು ಕಾಲಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಿಧಾನಕ್ಕೆ ಓಡೋಕೆ ಕೆಲವು ತಿಂಗಳು ಬೇಕು, ಪೂರ್ತಿ ಆಟಕ್ಕೆ ಮರಳೋಕೆ ಸಾಮಾನ್ಯವಾಗಿ 9 ತಿಂಗಳಿಂದ ಒಂದು ವರ್ಷ. ನಿಮ್ಮ ಕಥಾನಾಯಕಿ ಮೂರೇ ತಿಂಗಳಿಗೆ ಫೈನಲ್ ಆಡಿದರೆ, ಅದನ್ನು ಅನುಭವಿಸಿದ ಒಬ್ಬ ಓದುಗ ಸಾಕು, ಪುಸ್ತಕ ಅಲ್ಲಿಗೇ ಮುಚ್ಚುತ್ತಾನೆ.

ಅದಕ್ಕಿಂತ ಮುಖ್ಯ ವಿಷಯ ಬೇರೆ ಇದೆ. ಮಂಡಿ ಗಟ್ಟಿಯಾದ ಮೇಲೂ ಆಟಗಾರರಿಗೆ ಭಯ ಹೋಗಿರುವುದಿಲ್ಲ. ಫಿಸಿಯೋ ಸರಿಯಿದೆ ಅಂತಾರೆ, ಡಾಕ್ಟರು ಸರಿಯಿದೆ ಅಂತಾರೆ, ಆದರೆ ಕಾಲು ಮುಂದೆ ಹಾಕುವಾಗ ಒಂದು ಕ್ಷಣ ತಡೆಯುತ್ತದೆ. ಭವ್ಯ ಮೊದಲು ನಂಬಬೇಕಾಗಿರುವುದು ತನ್ನ ಎಡಗಾಲನ್ನು. ಈ ಅಧ್ಯಾಯಗಳಲ್ಲಿ ಪ್ರೇಮ ಇಲ್ಲದಿದ್ದರೂ ಪರವಾಗಿಲ್ಲ. ಅವಳು ಮನೆಯ ಮೆಟ್ಟಿಲು ಇಳಿಯುವಾಗ ಇನ್ನೂ ಗೋಡೆ ಹಿಡಿಯುತ್ತಾಳಾ, ಬಚ್ಚಲಲ್ಲಿ ಒದ್ದೆ ನೆಲದ ಮೇಲೆ ಹೇಗೆ ಕಾಲಿಡುತ್ತಾಳೆ ಅಂತ ಬರೆಯಿರಿ.

ಹೀರೋ ಯಾರಾಗಬಾರದು

ಕೋಚ್ ಬೇಡ. ಫಿಸಿಯೋನೂ ಬೇಡ. ಕೋಚ್ ಕೈಯಲ್ಲಿ ಅವಳ ಜಾಗ ಇದೆ, ಫಿಸಿಯೋ ಕೈಯಲ್ಲಿ ಅವಳ ಮಂಡಿ ಇದೆ. ಬೇಡ ಅನ್ನೋಕೆ ಅವಳಿಗೆ ಸ್ವಾತಂತ್ರ್ಯವೇ ಇಲ್ಲದ ಜಾಗದಲ್ಲಿ ನಂಬಿಕೆ ಬೆಳೆಯಿತು ಅಂತ ಹೇಳಿದರೆ ಯಾರು ಒಪ್ಪುತ್ತಾರೆ? 2023ರಲ್ಲಿ ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ವಾರಗಟ್ಟಲೆ ಕೂತಿದ್ದನ್ನು ನಮ್ಮ ಓದುಗರು ಟಿವಿಯಲ್ಲಿ ನೋಡಿದ್ದಾರೆ. ಕ್ರೀಡೆಯಲ್ಲಿ ಅಧಿಕಾರ ಇರುವವರ ಪ್ರೀತಿಯನ್ನು ಮೊದಲಿನ ಹಾಗೆ ಮುಗ್ಧವಾಗಿ ಓದೋಕೆ ಈಗ ಆಗುವುದಿಲ್ಲ.

ನಮ್ಮ ನಾಗೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೇ ರೈಡರ್. ಬೆಳಿಗ್ಗೆ ಅದೇ ಮೈದಾನದಲ್ಲಿ ಆಡುತ್ತಾನೆ. ಹುಡುಗಿಯರ ತಂಡಕ್ಕೆ ಪ್ರಾಕ್ಟೀಸ್ ಆಗಲಿ ಅಂತ ಹುಡುಗರು ಬಂದು ರೈಡ್ ಮಾಡಿಕೊಡುವುದು ಎಷ್ಟೋ ಕಡೆ ಇದೆ. ಅಲ್ಲಿಗೆ ಅವನು ಭವ್ಯಳ ಎದುರಾಳಿ. ಅವಳು ಹಿಡಿಯಬೇಕು, ಅವನು ತಪ್ಪಿಸಿಕೊಳ್ಳಬೇಕು. ಪ್ರೇಮ ಕಾದಂಬರಿಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆಯನ್ನು ನೀವು ಕೂತು ಯೋಚಿಸಿದರೂ ಹೊಳೆಯುವುದಿಲ್ಲ.

ಇಬ್ಬರ ಮುಂದೆ ಇರುವ ದಾರಿ ಬೇರೆ ಬೇರೆ ಅನ್ನುವುದನ್ನೂ ಮರೆಯಬೇಡಿ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಹುಡುಗರಿಗೆ ಹರಾಜಿನ ಕನಸು ಇದೆ. 2016ರಲ್ಲಿ ಅದೇ ಲೀಗಿನ ಜೊತೆಗೆ ಮೂರು ಮಹಿಳಾ ತಂಡಗಳ ಟೂರ್ನಿಯೊಂದು ನಡೆದಿತ್ತು, ಅಷ್ಟೇ. ಹುಡುಗಿಯರಿಗೆ ಕಬಡ್ಡಿಯಿಂದ ಜೀವನ ಅಂದರೆ ಬಹುಮಟ್ಟಿಗೆ ಕ್ರೀಡಾ ಕೋಟಾದ ಕೆಲಸ, ಅದರಲ್ಲೂ ರೈಲ್ವೆ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಅವರೂ ರೈಲ್ವೆ ಉದ್ಯೋಗಿ. ಭವ್ಯ ಸೆಲೆಕ್ಷನ್ ಕಳೆದುಕೊಂಡಳು ಅಂದರೆ ಒಂದು ಮೆಡಲ್ ಕಳೆದುಕೊಂಡಳು ಅಂತಲ್ಲ, ಒಂದು ಕೆಲಸ ಕಳೆದುಕೊಂಡಳು. ಮನೆಯಲ್ಲಿ ಅವ್ವ ಏನು ಹೇಳುತ್ತಾಳೆ ಗೊತ್ತಲ್ಲ. "ಕಾಲು ಮುರ್ಕೊಂಡಿರೋ ಹುಡ್ಗಿನ ಯಾರು ಮದ್ವೆ ಆಯ್ತಾರೆ?" ಈ ಮಾತು ಒಂದು ಸಲ ಬರಲಿ. ಪ್ರತಿ ಅಧ್ಯಾಯದಲ್ಲೂ ಬೇಡ.

ನಂಬಿಕೆಯನ್ನು ಬಾಯಲ್ಲಿ ಹೇಳಿಸಬೇಡಿ

ಈ ಥರದ ಕಾದಂಬರಿಗಳು ಕೆಡುವುದು ಇಲ್ಲೇ. ಇದನ್ನು ನೋಡಿ:

"ನಾಗೇಶ್, ನಾನು ಒಮ್ಮೆ ಮೋಸ ಹೋಗಿದ್ದೇನೆ. ಮತ್ತೆ ಯಾರನ್ನಾದರೂ ನಂಬಲು ನನ್ನ ಹೃದಯ ಹೆದರುತ್ತಿದೆ."

"ನಾನು ಅವನಂತಲ್ಲ ಭವ್ಯ. ನನ್ನ ಮೇಲೆ ನಂಬಿಕೆ ಇಡು."

ಹೊಳೆನರಸೀಪುರದಲ್ಲಿ ಹೀಗೆ ಯಾರು ಮಾತಾಡುತ್ತಾರೆ ಹೇಳಿ. ಅದಿರಲಿ, ನಂಬಿಕೆ ಇಡು ಅಂತ ಬಾಯಿಬಿಟ್ಟು ಕೇಳುವವನನ್ನು ಮೋಸ ಹೋದವಳು ಮೊದಲು ಅನುಮಾನಿಸುತ್ತಾಳೆ. ಅದೇ ವಿಷಯವನ್ನು ಅಂಕಣಕ್ಕೆ ತನ್ನಿ:

ನಾಗೇಶ ಎಡಗಡೆಗೆ ಬಂದ. ಭವ್ಯಳ ಮುಂದೆ ಬಲಗಾಲು ಚಾಚಿ ಹಿಂದೆ ತಗೊಂಡ. ಇನ್ನೊಂದು ಸಲ ಚಾಚುವಷ್ಟರಲ್ಲಿ ಅವಳು ಬಗ್ಗಿ ಕಣಕಾಲಿಗೆ ಕೈ ಹಾಕಿದಳು. ಅವನು ಎಳೆಯಲಿಲ್ಲ. ಕೂರುವವನ ಹಾಗೆ ಮಣ್ಣಿಗೆ ಬಿದ್ದ. ಹುಡುಗಿಯರು ಕೇಕೆ ಹಾಕಿದರು. ಭವ್ಯ ಕಾಲು ಬಿಟ್ಟು ಎದ್ದಳು.

"ಯಾಕೆ ಎಳೀಲಿಲ್ಲ?"

"ಎಳ್ದೆ."

"ನಿಮ್ ಕಾಲು ನನ್ ಕೈಲಿತ್ತು. ನಂಗೊತ್ತು."

ಅವನು ಚಡ್ಡಿಯ ಮಣ್ಣು ಕೊಡವಿದ. "ಮಂಡಿ ಈಗಷ್ಟೇ ಸರಿ ಆಗಿದೆ ಅಲ್ವಾ, ಅದ್ಕೆ..."

"ನಾಳೆಯಿಂದ ಬೇರೆ ಯಾರ್ನಾದ್ರೂ ಕಳ್ಸಿ. ಆಡೋಕೆ ಬರೋರ್ನ."

ಇಷ್ಟೇ. ಹಳೆಯವನೂ "ನಿನ್ ಒಳ್ಳೇದಕ್ಕೇ" ಅಂದಿದ್ದ. ನಾಗೇಶನೂ ಈಗ ಅದನ್ನೇ ಬೇರೆ ರೀತಿಯಲ್ಲಿ ಮಾಡಿದ್ದಾನೆ, ಅವಳ ಪರವಾಗಿ ತಾನೇ ತೀರ್ಮಾನ ಮಾಡಿದ್ದಾನೆ. ಓದುಗರಿಗೆ ನೀವು ಇದನ್ನು ವಿವರಿಸಬೇಕಿಲ್ಲ. ಮುಂದಿನ ಅಧ್ಯಾಯಗಳಲ್ಲಿ ನಾಗೇಶ ಕಲಿಯಬೇಕಾದ ಪಾಠ ಒಂದೇ, ಪೂರ್ತಿ ಜೋರಾಗಿ ಆಡುವುದು. ಎಂಟನೇ ಅಧ್ಯಾಯದಲ್ಲೋ ಒಂಬತ್ತರಲ್ಲೋ ಅವನು ನಿಜವಾಗಿಯೂ ಕಾಲು ಕಿತ್ತುಕೊಂಡು, ಅವಳನ್ನು ಎರಡು ಅಡಿ ಎಳೆದುಕೊಂಡೇ ಹೋಗಿ ಮಧ್ಯಗೆರೆ ಮುಟ್ಟಲಿ. ಅವಳ ಮೊಣಕೈ ತರಚಿರಲಿ. ಅವಳು ಎದ್ದು ಮೊಣಕೈ ನೋಡಿಕೊಂಡು "ಇನ್ನೊಂದ್ ಸಲ ಬನ್ನಿ" ಅನ್ನಲಿ. ಸಾವಿರ ಗುಲಾಬಿ ಹೂ ಕೊಡಿಸಿದರೂ ಆ ಅಧ್ಯಾಯದಷ್ಟು ಕೆಲಸ ಆಗುವುದಿಲ್ಲ.

ಮೈದಾನದ ಹೊರಗಿನ ನಂಬಿಕೆ ಬೇರೆ ಥರ, ಅದು ಚಿಲ್ಲರೆ ಚಿಲ್ಲರೆಯಾಗಿ ಜಮೆ ಆಗಬೇಕು. ಐದೂವರೆಗೆ ಬರ್ತೀನಿ ಅಂದವನು ಐದೂವರೆಗೆ ಬರುವುದು. ನೈಟ್ ಶಿಫ್ಟ್ ಇದ್ದ ದಿನ ಬರೋಕಾಗಲ್ಲ ಅಂತ ಮೊದಲೇ ಹೇಳುವುದು, ಹೇಳಿದ ಮೇಲೆ ಹೀರೋ ಥರ ಗ್ರೀಸ್ ಮೆತ್ತಿದ ಬಟ್ಟೆಯಲ್ಲಿ ಓಡಿ ಬರದೇ ಇರುವುದು. ಬರೋಕಾಗಲ್ಲ ಅಂದಿದ್ದವನು ನಿಜವಾಗಿಯೂ ಬರದೇ ಇದ್ದ ದಿನ ಭವ್ಯಳಿಗೆ ಒಂಥರಾ ನೆಮ್ಮದಿ ಆಗುತ್ತದಲ್ಲ, ಅದನ್ನು ಬರೆಯಿರಿ. ಅವನ ಮಾತಿಗೂ ನಡವಳಿಕೆಗೂ ತಾಳೆ ಆಗುತ್ತಿದೆ ಅಂತ ಅವಳು ಲೆಕ್ಕ ಇಡುತ್ತಿರುತ್ತಾಳೆ. ಮೋಸ ಹೋದವರೆಲ್ಲ ಇಡುತ್ತಾರೆ.

ಸಂಬೋಧನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಮೈದಾನಗಳಲ್ಲಿ ಸೀನಿಯರ್ ಹುಡುಗರೆಲ್ಲ 'ಅಣ್ಣ'. ಉಳಿದ ಹುಡುಗಿಯರು ನಾಗೇಶಣ್ಣ ಅಂತಲೇ ಕರೆಯಲಿ, ಭವ್ಯ ಮಾತ್ರ ಮೊದಲಿನಿಂದ ಏನೂ ಕರೆಯದೆ ಬರೀ 'ನೀವು' ಅಂತ ಮಾತಾಡಿಸಲಿ. ಅವಳು ಯಾಕೆ ಅಣ್ಣ ಅನ್ನಲ್ಲ ಅಂತ ಗೆಳತಿ ಒಂದು ದಿನ ಕಣ್ಣು ಮಿಟುಕಿಸಿ ಕೇಳಿದರೆ ಸಾಕು. 'ನೀನು' ಯಾವಾಗ ಬರುತ್ತದೆ ಅನ್ನುವುದನ್ನು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಿ. ಜಗಳದಲ್ಲಿ ಬಾಯಿ ತಪ್ಪಿ ಬಂದರೆ ಚೆಂದ.

ಮುಕ್ಕಾಲು ಭಾಗ ದಾಟಿದ ಮೇಲಿನ ಜಗಳ

ಎಲ್ಲ ಪ್ರೇಮ ಕಾದಂಬರಿಗಳಲ್ಲೂ ಇಬ್ಬರೂ ದೂರ ಆಗುವ ಜಾಗ ಒಂದು ಬರುತ್ತದೆ. ದಯವಿಟ್ಟು ಫೋನಿನಲ್ಲಿ ಅರ್ಧ ಮಾತು ಕೇಳಿಸಿಕೊಂಡು ಓಡಿಹೋಗುವ ದೃಶ್ಯ ಬೇಡ. ಎರಡು ನಿಮಿಷ ಕೂತು ಮಾತಾಡಿದರೆ ಸರಿಹೋಗುವ ಜಗಳಕ್ಕೆ ಓದುಗ ಐವತ್ತು ಪುಟ ಯಾಕೆ ಕಾಯಬೇಕು?

ಹಳೇ ಪರೀಕ್ಷೆಯನ್ನೇ ಮತ್ತೆ ತನ್ನಿ. ಸೆಲೆಕ್ಷನ್ ಹತ್ತಿರ ಬಂದಿದೆ. ಸೆಲೆಕ್ಟರ್ ಒಬ್ಬರು ನಾಗೇಶನನ್ನೇ ಪಕ್ಕಕ್ಕೆ ಕರೆದು ಕೇಳುತ್ತಾರೆ, ನೀನು ದಿನಾ ಜೊತೆಗೆ ಆಡ್ತೀಯಲ್ಲ, ಆ ಹುಡುಗಿ ಮಂಡಿ ಹೇಗಿದೆ? ಚೆನ್ನಾಗಿದೆ ಅಂದರೂ ಅವನು ಅವಳ ಪರವಾಗಿ ಮಾತಾಡಿದ ಹಾಗಾಯಿತು, ಇಲ್ಲ ಅಂದರೂ ಹಾಗೇ ಆಯಿತು. "ಅವ್ರನ್ನೇ ಕೇಳಿ ಸಾರ್" ಅನ್ನುತ್ತಾನೆ. ಸಂಜೆಯೇ ಬಂದು ಭವ್ಯಳಿಗೆ ಹೇಳುತ್ತಾನೆ, ಹೀಗೆ ಕೇಳಿದರು, ನಾನು ಹೀಗಂದೆ ಅಂತ. ಅವನು ಏನೂ ತಪ್ಪು ಮಾಡಿಲ್ಲ. ಆದರೂ ಅವಳು ನಂಬುವುದಿಲ್ಲ. ಯಾಕೆ ನಂಬಬೇಕು? ಇದನ್ನು ಅವನೇ ಹೇಳುತ್ತಿದ್ದಾನೆ, ನೋಡಿದವರು ಯಾರಿಲ್ಲ. ಜಗಳಕ್ಕೆ ಈಗ ನಿಜವಾದ ಕಾರಣ ಇದೆ, ಅದನ್ನು ಯಾವ ಸಾಕ್ಷಿಯೂ ಬಂದು ಬಗೆಹರಿಸಬಾರದು. ಸೆಲೆಕ್ಟರ್ ಆಮೇಲೆ ಸಿಕ್ಕಿ "ಆ ಹುಡ್ಗ ಒಳ್ಳೆಯವನಮ್ಮ" ಅಂತ ಹೇಳುವ ದೃಶ್ಯ ಬರೆಯೋಕೆ ಕೈ ತುರಿಸುತ್ತದೆ, ಬರೆಯಬೇಡಿ. ಸಾಕ್ಷಿ ಸಿಕ್ಕ ಮೇಲೆ ಬರುವುದಕ್ಕೆ ನಂಬಿಕೆ ಅಂತ ಹೆಸರಿಡೋಕೆ ಬರುವುದಿಲ್ಲ. ಅವಳು ಗೊತ್ತಿಲ್ಲದೇನೇ ಒಂದು ತೀರ್ಮಾನಕ್ಕೆ ಬರಲಿ, ಅದಕ್ಕೆ ಎಷ್ಟು ಅಧ್ಯಾಯ ಬೇಕೋ ತಗೊಳ್ಳಲಿ.

ಪಂದ್ಯ ಬರೆಯುವಾಗ

ಮೂವತ್ತು ನಿಮಿಷದ ಪಂದ್ಯವನ್ನು ಪೂರ್ತಿ ಬರೆದರೆ ಸ್ಕೋರ್‌ಶೀಟ್ ಓದಿದ ಹಾಗಿರುತ್ತದೆ. ಮೂರೇ ರೈಡ್ ಆರಿಸಿಕೊಳ್ಳಿ. ಒಂದರಲ್ಲಿ ಭವ್ಯ ತಪ್ಪು ಮಾಡಿ ಔಟಾಗಲಿ. ಎರಡನೆಯದರಲ್ಲಿ ಅವಳು ಹೊರಗೆ ಕೂತಿದ್ದಾಳೆ, ಅವಳನ್ನು ವಾಪಸ್ ತರಬೇಕಾದವಳು ಅವಳು ಅಷ್ಟಾಗಿ ಇಷ್ಟಪಡದ ಒಬ್ಬ ಜೂನಿಯರ್ ರೈಡರ್. ಮೂರನೆಯದರಲ್ಲಿ ಅಂಕಣದಲ್ಲಿ ಮೂವರೇ ಉಳಿದಿದ್ದಾರೆ, ಹಿಡಿದರೆ ಸೂಪರ್ ಟ್ಯಾಕಲ್. ಪಕ್ಕದವಳ ಕೈ ಹಿಡಿದಿದ್ದಾಳೆ, ಎಡಗಾಲಿನ ಮೇಲೆ ಭಾರ ಹಾಕಿ ಮುನ್ನುಗ್ಗಬೇಕು. 30 ಸೆಕೆಂಡನ್ನು ಎರಡು ಪುಟ ಬರೆಯಬಹುದು. ಉಸಿರು, ರೈಡರ್‌ಳ ಕಣ್ಣು, ಬಾಯಲ್ಲಿ ಕಬಡ್ಡಿ ಕಬಡ್ಡಿ, ಬೆವರಿಗೆ ಜಾರುವ ಅಂಗೈ. ಉಳಿದ ಪಂದ್ಯ ನಾಲ್ಕು ವಾಕ್ಯದಲ್ಲಿ ಮುಗಿಯಲಿ.

ಒಂದು ಪಾಯಿಂಟಿನ ಅಂತರ ಸಿನಿಮಾ ಥರ ಆಗುತ್ತದೆ ಅಂತ ಹೆದರಬೇಡಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ನಮ್ಮ ಮಹಿಳಾ ತಂಡ ಚೈನೀಸ್ ತೈಪೆ ವಿರುದ್ಧ ಫೈನಲ್ ಗೆದ್ದಿದ್ದು 26-25ರಲ್ಲಿ. ಆ ಕೂಟದಲ್ಲಿ ಭಾರತದ ನೂರನೇ ಪದಕ ಅದು. ಸೋಲು ಬರೆಯೋಕೂ ಹೆದರಬೇಡಿ. 2018ರ ಜಕಾರ್ತಾದಲ್ಲಿ ಅದೇ ಮಹಿಳಾ ತಂಡ ಇರಾನ್ ಕೈಯಲ್ಲಿ ಫೈನಲ್ ಸೋತಿತ್ತು, ಇರಾನ್ ಹುಡುಗಿಯರಿಗೆ ಕೋಚ್ ಆಗಿದ್ದವರು ಭಾರತದವರೇ ಆದ ಶೈಲಜಾ ಜೈನ್. ಇಂಥದ್ದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಅಂತಿದ್ದೆವು. ಆದರೆ ನಿಯಮದ ಜಗಳದ ಮೇಲೆ ಕ್ಲೈಮ್ಯಾಕ್ಸ್ ನಿಲ್ಲಿಸಬೇಡಿ. ಹಾಂಗ್‌ಝೌನಲ್ಲೇ ಗಂಡಸರ ಫೈನಲ್‌ನಲ್ಲಿ ಲಾಬಿ, ಅಂದರೆ ಅಂಕಣದ ಎರಡೂ ಬದಿಯ ಪಟ್ಟಿಯ ನಿಯಮದ ಗೊಂದಲಕ್ಕೆ ಆಟ ಬಹಳ ಹೊತ್ತು ನಿಂತುಹೋಯಿತು. ಟಿವಿಯಲ್ಲಿ ಅದು ರೋಚಕ, ಪುಟದ ಮೇಲೆ ತಲೆನೋವು.

ಊರಿನ ಪಂದ್ಯಗಳನ್ನು ಮಾತ್ರ ಧಾರಾಳವಾಗಿ ಬರೆಯಿರಿ, ಅಲ್ಲಿ ಬಂಗಾರ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಬ್ಯಾನರು, ಅದರಲ್ಲಿ ಆಟಗಾರರಿಗಿಂತ ದೊಡ್ಡದಾಗಿ ಮುಖಂಡರ ಫೋಟೋ. ದೀಪದ ಸುತ್ತ ಹುಳ. ಗೋಬಿ ಮಂಚೂರಿ ಗಾಡಿಯ ಹೊಗೆ. ಎಂಟಕ್ಕೆ ಅಂದ ಪಂದ್ಯ ಹನ್ನೊಂದಾದರೂ ಶುರುವಾಗಿರುವುದಿಲ್ಲ, ಮೈ ಬಿಸಿ ಮಾಡಿಕೊಂಡು ಕೂತ ಹುಡುಗಿಯರ ಮೈ ಮತ್ತೆ ತಣ್ಣಗಾಗುತ್ತದೆ, ಹೊಸ ಮಂಡಿಗೆ ಅದು ಒಳ್ಳೆಯದಲ್ಲ ಅಂತ ಭವ್ಯಳಿಗೆ ಗೊತ್ತು. ಮೈಕಿನವನು ವೀಕ್ಷಕ ವಿವರಣೆ ಕೊಡುತ್ತಾ ಹುಡುಗಿಯರ ಬಗ್ಗೆ ಆಡಬಾರದ ಜೋಕು ಹೊಡೆಯುತ್ತಾನೆ. ಜನ ನಗುತ್ತಾರೆ. ನಾಗೇಶ ನಗುತ್ತಾನಾ? ಅವಳು ಆ ಕಡೆ ನೋಡುತ್ತಾಳೆ ಅಂತ ಬೇರೆ ಹೇಳಬೇಕಾ. ಮಣ್ಣಿನ ಅಂಕಣಕ್ಕೂ ಮ್ಯಾಟಿಗೂ ಇರುವ ವ್ಯತ್ಯಾಸವನ್ನೂ ಬಳಸಿಕೊಳ್ಳಿ. ಮಣ್ಣಲ್ಲಿ ಬರಿಗಾಲು, ಜಾರಿದರೆ ಜಾರಲು ಜಾಗ ಇದೆ. ಮ್ಯಾಟಿನ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ. ಮಂಡಿಯ ಭಯ ಎರಡೂ ಕಡೆ ಒಂದೇ ಥರ ಇರುವುದಿಲ್ಲ.

ಬರೆದು ಮುಗಿಸುವ ಕೆಲಸ

ಪ್ರತಿಲಿಪಿಯಂಥ ಆನ್‌ಲೈನ್ ಕಥೆಗಳ ತಾಣದಲ್ಲಿ ಕಂತುಗಳಲ್ಲಿ ಹಾಕುವುದಾದರೆ ಕಂತು ನಿಲ್ಲಿಸುವ ಜಾಗ ಗಮನಿಸಿ. ಮುತ್ತು ಕೊಡುವ ಮುಂಚಿನ ಕ್ಷಣದಲ್ಲಿ ಕತ್ತರಿಸುವುದು ಹಳೇ ಚಾಳಿ. ಮಾತು ಕೊಟ್ಟ ಜಾಗದಲ್ಲಿ ನಿಲ್ಲಿಸಿ ನೋಡಿ. ಭಾನುವಾರ ಆಸ್ಪತ್ರೆಗೆ ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ ಅಂತ ಅವನು ಹೇಳುವುದರೊಂದಿಗೆ ಕಂತು ಮುಗಿದರೆ, ಮೋಸ ಹೋದವಳ ಜೊತೆ ಓದುಗರೂ ಭಾನುವಾರಕ್ಕೆ ಕಾಯುತ್ತಾರೆ.

ಕೊನೆಯಲ್ಲಿ ಟ್ರೋಫಿ, ಕೆಲಸ, ಮದುವೆ ಮೂರನ್ನೂ ಕೊಡಬೇಡಿ. ಒಂದು ಕೊಡಿ, ಒಂದು ಕಿತ್ತುಕೊಳ್ಳಿ, ಒಂದನ್ನು ಹಾಗೇ ಬಿಡಿ. ನನ್ನನ್ನು ಕೇಳಿದರೆ ಭವ್ಯಳಿಗೆ ರೈಲ್ವೆ ಕೆಲಸ ಬೇರೆ ರಾಜ್ಯದಲ್ಲಿ ಸಿಗಲಿ, ನಾಗೇಶ ಡಿಪೋದಲ್ಲೇ ಇರಲಿ. ದೂರದಲ್ಲಿರುವವರಿಗೆ ಒಬ್ಬರ ಮೇಲೊಬ್ಬರಿಗೆ ಭರವಸೆ ಇದೆಯೋ ಇಲ್ಲವೋ ಅನ್ನುವುದು ಆಗಲೇ ಗೊತ್ತಾಗುವುದು.

ಬರೆಯುವ ಮೊದಲು ನಿಮ್ಮ ತಾಲ್ಲೂಕಿನ ದಸರಾ ಕ್ರೀಡಾಕೂಟಕ್ಕೆ ಒಂದು ದಿನ ಹೋಗಿ ಕೂರಿ. ಗ್ಯಾಲರಿಯಲ್ಲಿ ಬೇಡ, ಔಟಾದವರು ಕೂರುವ ಜಾಗದ ಹಿಂದೆ ಕೂರಿ, ಅವರು ಏನು ಮಾತಾಡಿಕೊಳ್ಳುತ್ತಾರೆ ಕೇಳಿಸಿಕೊಳ್ಳಿ. ಬರೆದ ಮೇಲೆ ಹಸ್ತಪ್ರತಿಯನ್ನು ಇಬ್ಬರಿಗೆ ಓದಿಸಿ. ಒಬ್ಬರು ಕಬಡ್ಡಿ ಆಡಿದವರಾಗಿರಲಿ, ಇನ್ನೊಬ್ಬರು ಮಂಡಿ ಆಪರೇಷನ್ ಆದವರಾಗಿರಲಿ, ಎರಡೂ ಒಬ್ಬರೇ ಆಗಿದ್ದರೆ ನಿಮ್ಮ ಅದೃಷ್ಟ. ಕಥೆ ಹೇಗಿದೆ ಅಂತ ಕೇಳಬೇಡಿ, ಸುಮ್ನೆ ಚೆನ್ನಾಗಿದೆ ಅಂದುಬಿಡುತ್ತಾರೆ. ಎಲ್ಲಿ ನಗು ಬಂತು ಅಂತ ಕೇಳಿ. ನೀವು ನಗಿಸೋಕೆ ಬರೆಯದ ಜಾಗ ತೋರಿಸಿದರೆ ಆ ಪುಟಕ್ಕೆ ಗುರುತು ಹಾಕಿಕೊಂಡು ಬಂದು ಮತ್ತೆ ಬರೆಯಿರಿ.